ಇನ್ನೊಂದು ಫೋಟೋ ಎಲ್ಲಿ?

ಭಾಗ 1/10

ಮೊದಲನೇ ಫೋಟೋ ನೋಡಿ. ಕಪ್ಪು ಹಿನ್ನೆಲೆ, ಅದರ ತುಂಬ ಹಸಿರು ಚುಕ್ಕಿ. ಮಳೆ ಹಿಡಿಯೋಕೆ ಮುಂಚೆ ಮಲೆನಾಡಿನ ಮರದ ತುಂಬ ಮಿಣುಕುಹುಳ ಕೂತ ಹಾಗಿದೆ, ಅಲ್ವಾ? ಹೋದ ಸೆಮಿಸ್ಟರ್‌ನಲ್ಲಿ ಇದೇ ಅಕೌಂಟಲ್ಲಿ ನಾನೇ ಹಾಕಿದ್ದು. "ಆರು ತಿಂಗಳ ಕೆಲಸ ಕೊನೆಗೂ ಹೊಳೀತು" ಅಂತ ಕ್ಯಾಪ್ಷನ್ ಬೇರೆ. ಅಷ್ಟು ಲೈಕ್ ನನಗೆ ಅದಕ್ಕೆ ಮುಂಚೆ ಯಾವತ್ತೂ ಬಂದಿರ್ಲಿಲ್ಲ. ಭದ್ರಾವತಿಯಲ್ಲಿರೋ ನಮ್ಮ ದೊಡ್ಡಮ್ಮ ಕೂಡ ವಾಟ್ಸಾಪ್ ಸ್ಟೇಟಸ್‌ಗೆ ಹಾಕ್ಕೊಂಡಿದ್ರು.

ಈಗ ಸ್ವೈಪ್ ಮಾಡಿ. ಎರಡನೇ ಫೋಟೋ. ಅದೇ ಬ್ಲಾಕ್‌ನಿಂದ ಕತ್ತರಿಸಿದ ತುಂಡು, ಅದೇ ಬಣ್ಣ, ಅದೇ ಮೈಕ್ರೋಸ್ಕೋಪು. ಅಷ್ಟೇ ಹಸಿರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದು ಅಂತ ನನಗೂ ಗೊತ್ತಾಗಲ್ಲ.

ಇರೋದು ಒಂದೇ ವ್ಯತ್ಯಾಸ. ನಾನು ಯಾವ ಪ್ರೋಟೀನ್ ಹುಡುಕ್ತಿದ್ದೆನೋ, ಅದನ್ನ ಗುರುತಿಸೋ ಆಂಟಿಬಾಡಿಯನ್ನ ಎರಡನೇ ಸ್ಲೈಡ್‌ಗೆ ಹಾಕೇ ಇಲ್ಲ. ಅಂದ್ರೆ ಅಲ್ಲಿ ಹೊಳೀಬೇಕಾಗಿದ್ದೇ ಏನೂ ಇರ್ಲಿಲ್ಲ. ಆದ್ರೂ ಹೊಳೀತು.

ಹಾಗಾದ್ರೆ ಮೊದಲನೇ ಫೋಟೋ ಏನು ಹೇಳುತ್ತೆ? ಏನೂ ಹೇಳಲ್ಲ. ನಾನು ಹಾಕಿದ ಕ್ಯಾಪ್ಷನ್ ಸುಳ್ಳು. ಬೇಕು ಅಂತ ಹೇಳಿದ ಸುಳ್ಳಲ್ಲ, ಆದ್ರೂ ಸುಳ್ಳೇ.

ಆ ಪೋಸ್ಟ್ ಡಿಲೀಟ್ ಮಾಡಿಲ್ಲ. ಅದರ ಕೆಳಗೆ "ಇದು ತಪ್ಪು" ಅಂತ ಬರೆದು ಈ ಸರಣಿಗೆ ದಾರಿ ಕೊಟ್ಟಿದ್ದೀನಿ. ಮುಂದಿನ ಒಂಬತ್ತು ಭಾಗದಲ್ಲಿ ನಾನು ಕೇಳೋದು ಒಂದೇ ಮಾತು, ನನ್ನನ್ನೂ ಸೇರಿಸಿ, ನಮ್ಮ ಕ್ಲಾಸಿನ ಎಲ್ಲರಿಗೂ: ಇನ್ನೊಂದು ಫೋಟೋ ಎಲ್ಲಿ?

ಭಾಗ 2/10

ಸೈನ್ಸ್ ಓದದೇ ಇರೋರೂ ಫಾಲೋ ಮಾಡ್ತಿದ್ದೀರಿ, ಪಿಯುಸಿ ತಮ್ಮಂದಿರು ತಂಗಿಯರೂ ಇದ್ದೀರಿ. ಹಾಗಾಗಿ ಮೊದಲು ವಿಷಯ ಏನು ಅಂತ ಹೇಳಿಬಿಡ್ತೀನಿ.

ಆಂಟಿಬಾಡಿ, ಅಂದ್ರೆ ಪ್ರತಿಕಾಯ, ಇಂಗ್ಲಿಷಿನ ವೈ ಅಕ್ಷರದ ಆಕಾರದ ಪ್ರೋಟೀನು. ಮೇಲಿನ ಎರಡು ಕೈ ಶತ್ರುವನ್ನ ಹಿಡಿಯುತ್ತೆ. ಕೆಳಗಿನ ಕಾಲಿಗೆ ಎಫ್‌ಸಿ ಭಾಗ ಅಂತಾರೆ. ಕೈ ಶತ್ರುವನ್ನ ಹಿಡಿದ ಮೇಲೆ ನಮ್ಮ ಬಿಳಿ ರಕ್ತಕಣಗಳು ಬಂದು ಆ ಕಾಲನ್ನ ಹಿಡ್ಕೊಂಡು, ಶತ್ರುವನ್ನ ನುಂಗ್ತವೆ.

ಇಲ್ಲೊಂದು ಕಳ್ಳ ಬ್ಯಾಕ್ಟೀರಿಯಾ ಇದೆ. ಸ್ಟಫೈಲೋಕಾಕಸ್ ಆರಿಯಸ್. ಕುರು, ಕೀವುಗುಳ್ಳೆ ಮಾಡೋದು ಇದೇ. ಸುಮಾರು ಮೂರರಲ್ಲಿ ಒಬ್ಬರ ಮೂಗಿನಲ್ಲಿ ಏನೂ ತೊಂದರೆ ಕೊಡದೆ ಕೂತಿರೋದೂ ಇದೇ. ಇದರ ಮೈಮೇಲೆ ಪ್ರೋಟೀನ್ ಎ ಅನ್ನೋದೊಂದು ಇರುತ್ತೆ. ಅದು ಆಂಟಿಬಾಡಿಯನ್ನ ಉಲ್ಟಾ ಹಿಡಿಯುತ್ತೆ, ಕಾಲು ಹಿಡಿದು ತಲೆಕೆಳಗು ಮಾಡುತ್ತೆ. ಕಾಲು ಆಗಲೇ ಬ್ಯಾಕ್ಟೀರಿಯಾ ಕೈಲಿದ್ರೆ ರಕ್ತಕಣಕ್ಕೆ ಹಿಡಿಯೋಕೆ ಏನು ಉಳಿಯುತ್ತೆ?

ವಿಜ್ಞಾನಿಗಳು ಈ ಕಳ್ಳನ ಉಪಾಯವನ್ನೇ ತಗೊಂಡು ಸಾಧನ ಮಾಡ್ಕೊಂಡ್ರು. ಪ್ರೋಟೀನ್ ಎ ಶುದ್ಧ ಮಾಡಿ, ಅದಕ್ಕೆ ಎಫ್‌ಐಟಿಸಿ ಅನ್ನೋ ಬಣ್ಣ ಅಂಟಿಸ್ತಾರೆ. ಸುಮಾರು 495 ನ್ಯಾನೋಮೀಟರ್‌ನ ನೀಲಿ ಬೆಳಕು ಬಿಟ್ಟರೆ ಆ ಬಣ್ಣ ಸುಮಾರು 520ರ ಹಸಿರು ಬೆಳಕು ಕೊಡುತ್ತೆ. ಇದೇ ಪ್ರತಿದೀಪ್ತಿ. ಈಗ ಆಂಟಿಬಾಡಿ ಎಲ್ಲಿ ಕೂತಿದ್ರೂ ಈ ಹಸಿರು ಪ್ರೋಟೀನ್ ಹೋಗಿ ಅದರ ಕಾಲು ಹಿಡಿದು "ಇಲ್ಲಿದೆ" ಅಂತ ತೋರಿಸುತ್ತೆ.

ಇದಕ್ಕೆ ಅಣ್ಣತಮ್ಮಂದಿರೂ ಇದ್ದಾರೆ. ಸ್ಟ್ರೆಪ್ಟೋಕಾಕಸ್‌ನಿಂದ ಬಂದ ಪ್ರೋಟೀನ್ ಜಿ. ಎರಡನ್ನೂ ಜೋಡಿಸಿ ಮಾಡಿದ ಪ್ರೋಟೀನ್ ಎ/ಜಿ. ಆಂಟಿಬಾಡಿಯ ಕಪ್ಪಾ ಲೈಟ್ ಚೈನ್ ಹಿಡಿಯೋ ಪ್ರೋಟೀನ್ ಎಲ್.

ಒಂದು ವಯಲ್ ಇದ್ರೆ ಮೊಲದ ಆಂಟಿಬಾಡಿಗೂ ಆಗುತ್ತೆ, ಮನುಷ್ಯರದ್ದಕ್ಕೂ ಆಗುತ್ತೆ. ಪ್ರತಿ ಪ್ರಾಣಿಗೂ ಬೇರೆ ಬೇರೆ ಸೆಕೆಂಡರಿ ಆಂಟಿಬಾಡಿ ಕೊಳ್ಳೋ ಹಾಗಿಲ್ಲ. ಬಡ ಲ್ಯಾಬ್‌ಗೆ ಇದು ವರ. ನಾನು ಮೋಸ ಹೋಗಿದ್ದೂ ಈ ವರದಿಂದಲೇ.

ಭಾಗ 3/10

ನನ್ನ ಸ್ಲೈಡ್ ಕಥೆಗೆ ಬರೋಣ.

ಮಟನ್ ಅಂಗಡಿಯಿಂದ ಮೇಕೆಯ ಗುಲ್ಮ ತಂದಿದ್ದೆ. ತೆಳ್ಳಗೆ ಕತ್ತರಿಸಿ, ಫಿಕ್ಸ್ ಮಾಡಿ, ಅದರ ಮೇಲೆ ಒಂದು ಪ್ರೋಟೀನನ್ನ ಗುರುತಿಸೋ ಮೊಲದ ಆಂಟಿಬಾಡಿ ಹಾಕಿದೆ. ತೊಳೆದೆ. ಆಮೇಲೆ ಹಸಿರು ಬಣ್ಣದ ಪ್ರೋಟೀನ್ ಎ/ಜಿ ಹಾಕಿದೆ. ತೊಳೆದೆ. ಇನ್ನೊಂದು ಸಂಸ್ಥೆಯ ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್ ನಮಗೆ ಒಂದೇ ಗಂಟೆ ಸಿಕ್ಕಿತ್ತು. ಬೆಳಗ್ಗೆ ಐಸ್ ಬಾಕ್ಸ್ ಮಡಿಲಲ್ಲಿಟ್ಕೊಂಡು ಬಸ್ ಹತ್ತಿದ್ದೆ. ಕತ್ತಲೆ ರೂಮಲ್ಲಿ ಕಣ್ಣಿಟ್ಟು ನೋಡಿದ್ರೆ ಹಸಿರು! ಕಿರುಚಿಬಿಟ್ಟಿದ್ದೆ. ಮೊಬೈಲ್ ಐಪೀಸ್‌ಗೆ ಹಿಡಿದು ಕ್ಲಿಕ್.

ನಾನು ಯೋಚನೆ ಮಾಡದೇ ಇದ್ದದ್ದು ಒಂದೇ. ಗುಲ್ಮ ಅಂದ್ರೆ ಏನು? ಆಂಟಿಬಾಡಿ ತಯಾರಾಗೋ ಜಾಗಗಳಲ್ಲಿ ಅದೂ ಒಂದು. ಆ ಮೇಕೆಯದೇ ಐಜಿಜಿ ಅಲ್ಲಿ ತುಂಬಿರುತ್ತೆ. ಪ್ರೋಟೀನ್ ಜಿ ಮೇಕೆಯ ಐಜಿಜಿಯನ್ನ ಗಟ್ಟಿಯಾಗಿ ಹಿಡಿಯುತ್ತೆ. ಅಂದ್ರೆ ನನ್ನ ಹಸಿರು ಪ್ರೋಟೀನ್‌ಗೆ ನಾನು ಹಾಕಿದ ಮೊಲದ ಆಂಟಿಬಾಡಿ ಬೇಕಾಗೇ ಇರ್ಲಿಲ್ಲ. ಮೇಕೆಯದ್ದೇ ಬೇಕಾದಷ್ಟಿತ್ತು. ಮದುವೆ ಮನೆಗೆ ಹೋಗಿ ಗಂಡಿನ ಕಡೆಯವರನ್ನ ಹುಡುಕಪ್ಪ ಅಂದ್ರೆ ಊಟಕ್ಕೆ ಕೂತ ಎಲ್ಲರಿಗೂ ಕುಂಕುಮ ಇಟ್ಟು ಬಂದ ಹಾಗಾಯ್ತು.

ಪ್ರೋಟೀನ್ ಎ, ಜಿ ಇವುಗಳಿಗೆ ಯಾವ ಕಾಯಿಲೆ, ಯಾವ ವೈರಸ್, ಯಾವ ಪ್ರೋಟೀನ್ ಅಂತೆಲ್ಲ ಗೊತ್ತಿಲ್ಲ. ಅವಕ್ಕೆ ಗೊತ್ತಿರೋದು ಕಾಲು ಮಾತ್ರ. "ಇಲ್ಲೊಂದು ಆಂಟಿಬಾಡಿ ಇದೆ" ಅನ್ನೋದಷ್ಟೇ ಅವು ಹೇಳೋ ಮಾತು. ಅದು ಯಾರದ್ದು, ಯಾಕೆ ಅಲ್ಲಿದೆ ಅಂತ ಕೇಳಿ ತಿಳ್ಕೊಳ್ಳೋದು ನಮ್ಮ ಕೆಲಸ. ಕೇಳೋ ವಿಧಾನದ ಹೆಸರೇ ಕಂಟ್ರೋಲ್ ಸ್ಲೈಡ್.

ಭಾಗ 4/10

ಆ ಪ್ರಶ್ನೆ ನಾನಾಗಿ ಕೇಳ್ಕೊಂಡಿದ್ದಲ್ಲ. ಗೈಡ್ ಕೇಳಿದ್ದೂ ಅಲ್ಲ, ವೈವಾದಲ್ಲಿ ಬಂದಿದ್ದೂ ಅಲ್ಲ. ಬಿಎಸ್ಸಿ ಎರಡನೇ ವರ್ಷದ ಹುಡುಗಿಯೊಬ್ಬಳು ಮೆಸೇಜ್ ಮಾಡಿದ್ಲು: "ಅಕ್ಕ, ಫೋಟೋ ಸೂಪರ್. ಪ್ರೈಮರಿ ಹಾಕದೇ ಇರೋ ಸ್ಲೈಡ್ ಹೇಗೆ ಕಾಣ್ಸುತ್ತೆ? ಅದನ್ನೂ ಹಾಕಿ."

ಎರಡು ದಿನ ಉತ್ತರ ಕೊಟ್ಟಿಲ್ಲ. ಮೊದಲು ಸಿಟ್ಟು ಬಂತು, ಇವಳೇನು ನನಗೆ ಹೇಳೋದು ಅಂತ. ಆಮೇಲೆ ನಾಚಿಕೆ ಆಯ್ತು. ಯಾಕಂದ್ರೆ ಆ ಸ್ಲೈಡ್ ನಾನು ಮಾಡೇ ಇರ್ಲಿಲ್ಲ. ಉಳಿದ ಗುಲ್ಮ ಫ್ರೀಜರ್‌ನಲ್ಲಿತ್ತು. ಮತ್ತೆ ಕತ್ತರಿಸಿದೆ, ಮತ್ತೆ ಒಂದು ಗಂಟೆ ಬೇಡಿಕೊಂಡೆ. ಅದರ ಫಲ ಎರಡನೇ ಫೋಟೋ.

ಭದ್ರಾವತಿಯವರಿಗೆ ಇದನ್ನ ಹೇಳೋದು ಸುಲಭ. 1923ರಿಂದ ಕಬ್ಬಿಣ ಕರಗಿಸಿದ ಊರು ನಮ್ಮದು. ಕುಲುಮೆಯಿಂದ ಹೊರಗೆ ಬರೋ ಎಲ್ಲಾ ಲೋಹವೂ ಕೆಂಪಗೆ ಹೊಳೆಯುತ್ತೆ. ಒಳ್ಳೇ ಉಕ್ಕೂ ಹೊಳೆಯುತ್ತೆ, ಕೆಟ್ಟ ಉಕ್ಕೂ ಹೊಳೆಯುತ್ತೆ. ಹೊಳಪು ನೋಡಿ ಅದರಲ್ಲಿ ಇಂಗಾಲ ಎಷ್ಟಿದೆ ಅಂತ ಯಾರೂ ಸರ್ಟಿಫಿಕೇಟ್ ಬರೆಯಲ್ಲ. ಸ್ಯಾಂಪಲ್ ತೆಗೀತಾರೆ, ಲೆಕ್ಕ ಗೊತ್ತಿರೋ ಇನ್ನೊಂದು ತುಂಡಿನ ಜೊತೆ ಹೋಲಿಸಿ ಅಳೀತಾರೆ. ಕಾರ್ಖಾನೆಯಲ್ಲಿ ಕೆಲಸ ಮಾಡಿದ ಅಜ್ಜಂದಿರು ಮನೆಮನೆಯಲ್ಲಿರೋ ಊರಿನ ಮೊಮ್ಮಕ್ಕಳು ನಾವು. ನಾವೇ ಹೊಳಪು ನೋಡಿ ಫಲಿತಾಂಶ ಬರೆದ್ರೆ ಹೇಗೆ?

ಇನ್ನೊಂದು ವಿಷಯ. 1966ರಲ್ಲಿ ಸ್ವೀಡನ್ನಿನ ಫೋರ್ಸ್‌ಗ್ರೆನ್ ಮತ್ತು ಶೋಕ್ವಿಸ್ಟ್, ಪ್ರೋಟೀನ್ ಎ ಮನುಷ್ಯರ ಗಾಮಾ ಗ್ಲಾಬ್ಯುಲಿನ್‌ಗೆ ಅಂಟೋದನ್ನ ವಿವರಿಸಿದಾಗ ಪ್ರಬಂಧದ ತಲೆಬರಹದಲ್ಲೇ ಅದನ್ನ ಹುಸಿ ಪ್ರತಿರಕ್ಷಾ ಪ್ರತಿಕ್ರಿಯೆ ಅಂತ ಕರೆದಿದ್ರು. ಆಂಟಿಬಾಡಿ ತನ್ನ ಆಂಟಿಜೆನ್ ಹಿಡಿದ ಹಾಗೆ ಕಾಣುತ್ತೆ, ಆದ್ರೆ ಅಲ್ಲ ಅನ್ನೋ ಅರ್ಥದಲ್ಲಿ. ಅಂದ್ರೆ ಎಚ್ಚರಿಕೆ ಮೊದಲ ದಿನದಿಂದಲೇ ಹೆಸರಲ್ಲೇ ಇತ್ತು. ನಾವು ಹಸಿರು ಮಾತ್ರ ನೋಡಿ "ಹುಸಿ" ಬಿಟ್ಟುಬಿಟ್ವಿ.

ಭಾಗ 5/10

"ಅಯ್ಯೋ, ಸ್ಟೂಡೆಂಟ್ ಪ್ರಾಜೆಕ್ಟ್ ಮಾರಾಯ್ತಿ, ಯಾರ ಜೀವ ಹೋಗುತ್ತೆ?"

ಕ್ಲಾಸ್‌ಮೇಟ್ ಒಬ್ಬ ಹೀಗೆ ಕೇಳಿದ. ಬೇರೆ ಜಿಲ್ಲೆಯವನು ಕೇಳಿದ್ರೆ ಬಿಟ್ಟುಬಿಡ್ತಿದ್ದೆ. ಶಿವಮೊಗ್ಗದವನು ಕೇಳಿದ್ದಕ್ಕೆ ಬೇಜಾರಾಯ್ತು.

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು ಇವತ್ತು ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿದೆ. ನಮ್ಮ ಜಿಲ್ಲೆಯ ಕಾಡೊಂದರ ಹೆಸರು ಜಗತ್ತಿಗೆ ಗೊತ್ತಾಗಿದ್ದು ಒಂದು ಕಾಯಿಲೆಯಿಂದ. ಕ್ಯಾಸನೂರು ಫಾರೆಸ್ಟ್ ಡಿಸೀಸ್, ನಮ್ಮ ಬಾಯಲ್ಲಿ ಮಂಗನ ಕಾಯಿಲೆ. 1957ರಲ್ಲಿ ಅಲ್ಲಿ ಮಂಗಗಳು ಸಾಯೋಕೆ ಶುರುವಾಯ್ತು, ಸುತ್ತಲಿನ ಹಳ್ಳಿಗಳಲ್ಲಿ ಜನಕ್ಕೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದ್ರು. ಮಂಗ ಸಾಯ್ತಿವೆ, ಜನಕ್ಕೆ ಜ್ವರ. ಇದನ್ನ ನೋಡಿ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬಂದಾಗ ಹೀಗೇ ಮಂಗಗಳು ಸಾಯ್ತವೆ.

ಅವರು ಅನುಮಾನವನ್ನೇ ಫಲಿತಾಂಶ ಅಂತ ಬರೆದುಬಿಟ್ಟಿದ್ರೆ? ಬರೀಲಿಲ್ಲ. ವೈರಸ್ ಬೇರ್ಪಡಿಸಿದ್ರು. ಗೊತ್ತಿರೋ ಬೇರೆ ಬೇರೆ ವೈರಸ್‌ಗಳ ವಿರುದ್ಧದ ಆಂಟಿಬಾಡಿ ಜೊತೆ ಹೋಲಿಸಿ ನೋಡಿದ್ರು. ಅದು ಹಳದಿ ಜ್ವರ ಅಲ್ಲ, ರಷ್ಯಾದ ಕಡೆ ಉಣ್ಣೆಯಿಂದ ಹರಡೋ ಮೆದುಳು ಜ್ವರದ ವೈರಸ್‌ಗಳ ಸಂಬಂಧಿ ಅಂತ ಗೊತ್ತಾಯ್ತು. ಹಳದಿ ಜ್ವರಕ್ಕಾದ್ರೆ ಸೊಳ್ಳೆ ಹುಡುಕಬೇಕಿತ್ತು. ಇಲ್ಲಿ ಹುಡುಕಬೇಕಾದದ್ದು ಉಣುಗು, ಅಂದ್ರೆ ಉಣ್ಣೆ. ಹೋಲಿಕೆ ಮಾಡದೇ ಇದ್ದಿದ್ರೆ ಊರೆಲ್ಲ ಸೊಳ್ಳೆ ಹಿಂದೆ ಓಡ್ತಿತ್ತು, ಉಣುಗು ಕಾಲು ಹತ್ತಿ ಕಚ್ತಾನೇ ಇರ್ತಿತ್ತು.

ನಮ್ಮ ಜಿಲ್ಲೆಯ ಅತಿ ದೊಡ್ಡ ವೈಜ್ಞಾನಿಕ ಕಥೆ "ಇದು ಅದರ ಹಾಗೆ ಕಾಣುತ್ತೆ" ಅನ್ನೋದನ್ನ ನಂಬದೇ ಇದ್ದವರ ಕಥೆ. ಅದರ ಮಣ್ಣಲ್ಲಿ ಓದ್ತಾ ನಾವು "ಯಾರ ಜೀವ ಹೋಗುತ್ತೆ" ಅಂತ ಕೇಳಬಾರದು.

ಭಾಗ 6/10

ಈಗ ಪ್ರಾಜೆಕ್ಟ್ ಸೀಸನ್. ಕೆಎಫ್‌ಡಿ ಹೆಸರಲ್ಲಿ ಪ್ರಪೋಸಲ್ ಬರೆಯೋರು ಕ್ಲಾಸಲ್ಲಿ ಇದ್ದೇ ಇರ್ತೀರಿ. "ಹೊಳೆಯೋ ಪ್ರೋಟೀನ್ ಎ/ಜಿ ಬಳಸಿ ಮಂಗನ ಕಾಯಿಲೆಗೆ ಅಗ್ಗದ ಟೆಸ್ಟ್" ಅನ್ನೋ ಸಾಲು ನಾನೂ ಒಂದು ಕಾಲದಲ್ಲಿ ಬರೆದಿದ್ದೆ. ಅದಕ್ಕೇ ಧೈರ್ಯವಾಗಿ ಹೇಳ್ತೀನಿ, ಆ ಸಾಲು ಹೊಡೆದು ಹಾಕಿ.

ಒಂದು, ಜ್ವರದ ಮೊದಲ ದಿನಗಳಲ್ಲಿ ಆಂಟಿಬಾಡಿ ಇನ್ನೂ ಹುಟ್ಟಿರಲ್ಲ. ಆಗ ವೈರಸ್ಸಿನ ಆರ್‌ಎನ್‌ಎ ಹುಡುಕೋ ಪಿಸಿಆರ್ ಬೇಕು. ಎರಡು, ಆಮೇಲೆ ಮೊದಲು ಬರೋದು ಐಜಿಎಂ. ಅದಕ್ಕೆ ಐಜಿಎಂ ಎಲೈಸಾ ಇದೆ. ಪ್ರೋಟೀನ್ ಎ, ಜಿ ಹಿಡಿಯೋದು ಮುಖ್ಯವಾಗಿ ಐಜಿಜಿಯನ್ನ. ಐಜಿಎಂಗೆ ಇವನ್ನ ನಂಬೋ ಹಾಗಿಲ್ಲ. ಅಂದ್ರೆ ರೋಗಿಗೆ ಬೇಕಾದ ದಿನದಲ್ಲಿ ನಮ್ಮ ಹಸಿರು ಕಣ್ಣು ಮುಚ್ಚಿಕೊಂಡಿರುತ್ತೆ. ಮೂರು, ಐಜಿಜಿ ಸಿಕ್ಕಿದ್ರೂ ಅದು ಇವತ್ತಿನ ಜ್ವರದ್ದೋ, ಹಿಂದೆ ಯಾವಾಗಲೋ ಬಂದದ್ದೋ, ಲಸಿಕೆಯದ್ದೋ ಅಂತ ಒಂದು ಸ್ಯಾಂಪಲ್ ನೋಡಿ ಹೇಳಕ್ಕಾಗಲ್ಲ. ನಾಲ್ಕು, ಡೆಂಗಿಯೂ ಇದೇ ಫ್ಲೇವಿವೈರಸ್ ಗುಂಪಿನದು. ಈ ಗುಂಪಲ್ಲಿ ಒಂದರ ಆಂಟಿಬಾಡಿ ಇನ್ನೊಂದಕ್ಕೆ ಅಂಟೋ ಅಪಾಯ ಇದ್ದೇ ಇರುತ್ತೆ. ಐದು, ಜೀವಂತ ವೈರಸ್ ಮುಟ್ಟೋ ಕೆಲಸ ಕಾಲೇಜು ಲ್ಯಾಬಿನದ್ದಲ್ಲ. ಅದಕ್ಕೆ ಉನ್ನತ ಸುರಕ್ಷತೆಯ ಪ್ರಯೋಗಾಲಯವೇ ಬೇಕು.

ಹಾಗಾದ್ರೆ ಈ ಪ್ರೋಟೀನ್ ಕೆಲಸಕ್ಕೆ ಬಾರದ್ದಾ? ಹಾಗೆ ಹೇಳಿದ್ರೆ ಅದೂ ಸುಳ್ಳು. ಮನುಷ್ಯ, ಮಂಗ, ದನ, ಹೀಗೆ ಹಲವು ಪ್ರಾಣಿಗಳ ಸೀರಮ್‌ನಲ್ಲಿ ಹಳೇ ಸೋಂಕಿನ ಗುರುತು ಹುಡುಕೋ ಸಮೀಕ್ಷೆಗೆ ಒಂದೇ ಸಾಧನ ಎಲ್ಲಕ್ಕೂ ಆಗೋದು ದೊಡ್ಡ ಅನುಕೂಲ. ಕಾಡಿನ ಮಂಗನಿಗೆ ಬೇರೆ, ಕೊಟ್ಟಿಗೆಯ ದನಕ್ಕೆ ಬೇರೆ ಅಂತ ಹುಡುಕಿಕೊಂಡು ಹೋಗೋದು ತಪ್ಪುತ್ತೆ. ಆದ್ರೆ ಅಲ್ಲೂ ಸೋಂಕು ತಗುಲದೇ ಇದ್ದ ಮಂಗನ ಸೀರಮ್, ಸೋಂಕು ತಗುಲದೇ ಇದ್ದ ದನದ ಸೀರಮ್ ಪಕ್ಕದಲ್ಲಿ ಇರಲೇಬೇಕು. ಪ್ರತಿ ಪ್ರಾಣಿಗೂ ಅದರದೇ ಇನ್ನೊಂದು ಫೋಟೋ.

ಸಾಗರ ತಾಲ್ಲೂಕಿನ ಅರಳಗೋಡು ಕಡೆ 2018ರ ಕೊನೆಯಿಂದ 2019ರವರೆಗೆ ಏನಾಯ್ತು ಅನ್ನೋದು ನಿಮಗೆ ನೆನಪಿದೆ. ಮಂಗನ ಕಾಯಿಲೆಗೆ ಜನ ಸತ್ರು. ಆ ಮನೆಗಳ ದುಃಖವನ್ನ ಪ್ರಪೋಸಲ್‌ನ ಮೊದಲ ಪ್ಯಾರಾಕ್ಕೆ ಅಲಂಕಾರ ಮಾಡ್ಕೊಂಡು, ಒಳಗೆ ಕಂಟ್ರೋಲ್ ಇಲ್ಲದ ಕೆಲಸ ಇಡೋದು ಅವಮಾನ.

ಭಾಗ 7/10

ಮುಂದಿನ ನೆಪ: "ಕಂಟ್ರೋಲ್‌ಗೆ ದುಡ್ಡೆಲ್ಲಿ? ರೀಏಜೆಂಟ್ ದುಬಾರಿ."

ಲೆಕ್ಕ ಹಾಕೋಣ ಬನ್ನಿ. ಒಂದು ವಯಲ್‌ನಲ್ಲಿ 1 ಮಿಲಿಗ್ರಾಂ ಪ್ರೋಟೀನ್ ಇದೆ ಅಂತಿಟ್ಕೊಳ್ಳಿ, ಅಂದ್ರೆ 1000 ಮೈಕ್ರೋಗ್ರಾಂ. ಒಂದು ಮಿಲಿಲೀಟರ್‌ಗೆ 5 ಮೈಕ್ರೋಗ್ರಾಂ ಲೆಕ್ಕದಲ್ಲಿ ತೆಳು ಮಾಡಿ, ಒಂದು ಸ್ಲೈಡ್‌ಗೆ 100 ಮೈಕ್ರೋಲೀಟರ್ ಹಾಕ್ತೀರಿ. ಒಂದು ಸ್ಲೈಡ್‌ಗೆ ಖರ್ಚಾಗಿದ್ದು ಅರ್ಧ ಮೈಕ್ರೋಗ್ರಾಂ. ವಯಲ್‌ನ 2000ದಲ್ಲಿ ಒಂದು ಪಾಲು. ಪ್ರೈಮರಿ ಹಾಕದ ಕಂಟ್ರೋಲ್‌ಗೆ ದುಬಾರಿ ಪ್ರೈಮರಿ ಆಂಟಿಬಾಡಿ ಬೇಕಾಗೇ ಇಲ್ಲ. ಅದರ ಬದಲು ಬಫರ್ ಹಾಕೋದು ಅಷ್ಟೇ.

ನಿಜವಾಗಿ ದುಡ್ಡು ಹಾಳಾಗೋದು ಎಲ್ಲಿ ಗೊತ್ತಾ? ವಯಲ್ ಬಂದ ದಿನ ಟೇಬಲ್ ಮೇಲೆ ಇಟ್ಟು, ಟ್ಯೂಬ್‌ಲೈಟ್ ಕೆಳಗೆ ಅನ್‌ಬಾಕ್ಸಿಂಗ್ ರೀಲ್ ಮಾಡ್ತೀವಿ. ಎಫ್‌ಐಟಿಸಿ ಬೆಳಕಿಗೆ ಬಿದ್ದಷ್ಟೂ ಮಸುಕಾಗುತ್ತೆ. ಅದನ್ನ ಕತ್ತಲಲ್ಲಿ, ತಣ್ಣಗೆ, ಫಾಯಿಲ್ ಸುತ್ತಿ ಇಡಬೇಕು. ಸಣ್ಣ ಸಣ್ಣ ಪಾಲು ಮಾಡಿಟ್ಟುಕೊಳ್ಳದೆ ಒಂದೇ ವಯಲನ್ನ ಫ್ರೀಜ್ ಮಾಡಿ ಕರಗಿಸಿ, ಮತ್ತೆ ಫ್ರೀಜ್ ಮಾಡಿ ಕೆಡಿಸ್ತೀವಿ. ಮೇಲೆ ತಾರೀಖು ಬರೆಯಲ್ಲ. ಮುಂದಿನ ಬ್ಯಾಚಿಗೆ ಅದು ಯಾವಾಗ ತೆಗೆದದ್ದು ಅಂತ ಗೊತ್ತಿರಲ್ಲ, ಆದ್ರೂ ಹಾಕ್ತಾರೆ, ಹೊಳೀಲಿಲ್ಲ ಅಂದ್ರೆ "ನೆಗೆಟಿವ್" ಅಂತ ಬರೀತಾರೆ. ಖಂಡಿತ ಹೊಳೆಯಲೇಬೇಕಾದ ಇನ್ನೊಂದು ಸ್ಲೈಡ್ ಜೊತೆಗೆ ಇಲ್ಲದಿದ್ರೆ ಆ ನೆಗೆಟಿವ್‌ಗೂ ಬೆಲೆ ಇಲ್ಲ. ಕಾಯಿಲೆ ಇಲ್ವೋ, ಬಣ್ಣ ಸತ್ತಿದೆಯೋ, ಹೇಗೆ ಗೊತ್ತಾಗುತ್ತೆ?

ಬಡತನ ನಮ್ಮ ಲ್ಯಾಬ್‌ಗಳಲ್ಲಿ ಇದೆ, ಇಲ್ಲ ಅನ್ನಲ್ಲ. ಮೈಕ್ರೋಸ್ಕೋಪ್‌ಗೆ ಬಸ್ ಹತ್ತಿ ಹೋಗೋ ಕಷ್ಟ ನನಗೂ ಗೊತ್ತು. ಆದ್ರೆ ಅರ್ಧ ಮೈಕ್ರೋಗ್ರಾಂ ಉಳಿಸಿ ಆರು ತಿಂಗಳು ಕಳ್ಕೊಳ್ಳೋದು ಬಡತನದಿಂದಾಗೋದಲ್ಲ. ದುಡ್ಡಿಲ್ಲದವನೇ ಎರಡು ಸಲ ಅಳೆದು ಒಂದು ಸಲ ಕತ್ತರಿಸಬೇಕು.

ಭಾಗ 8/10

ಈಗ ಈ ಆ್ಯಪ್ ವಿಷಯ.

ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್‌ನಲ್ಲಿ ಫಿಲ್ಟರ್ ಇರುತ್ತೆ. ನೀಲಿ ಬೆಳಕನ್ನ ಮಾತ್ರ ಒಳಗೆ ಬಿಡುತ್ತೆ, ಹಸಿರನ್ನ ಮಾತ್ರ ಕಣ್ಣಿಗೆ ಕಳಿಸುತ್ತೆ. ಸತ್ಯ ಕಾಣಲಿ ಅಂತ ಇರೋ ಫಿಲ್ಟರ್ ಅದು. ನಮ್ಮ ಫೋನಲ್ಲಿರೋ ಫಿಲ್ಟರ್ ಯಾತಕ್ಕಿದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಮೊಬೈಲ್ ಕ್ಯಾಮೆರಾ ತಾನಾಗೇ ಬೆಳಕು ಸರಿಮಾಡ್ಕೊಳ್ಳುತ್ತೆ. ಕತ್ತಲೆ ಸ್ಲೈಡ್ ಹಿಡಿದ್ರೆ ನೈಟ್ ಮೋಡ್ ಅದನ್ನ ಎತ್ತಿ ಬೆಳಗಿಸುತ್ತೆ, ಬೆಳಕಿನ ಸ್ಲೈಡ್ ಹಿಡಿದ್ರೆ ತಗ್ಗಿಸುತ್ತೆ. ಒಂದೊಂದು ಸ್ಲೈಡ್‌ಗೂ ಒಂದೊಂದು ಎಕ್ಸ್‌ಪೋಷರ್ ಆದ್ರೆ ಹೋಲಿಕೆ ಹೇಗೆ ಮಾಡ್ತೀರಿ? ಕಂಟ್ರೋಲ್ ಸ್ಲೈಡ್ ಇದ್ದರೂ ಇಲ್ಲದ ಹಾಗೆ. ಎರಡಕ್ಕೂ ಒಂದೇ ಎಕ್ಸ್‌ಪೋಷರ್ ಸಮಯ, ಒಂದೇ ಗೇನ್. ಸಂಖ್ಯೆ ಬರೆದಿಡಿ. ಆಮೇಲೆ ಬ್ರೈಟ್‌ನೆಸ್ ಕೂಡಿಸಿದ್ರೆ ಎರಡಕ್ಕೂ ಅಷ್ಟೇ ಕೂಡಿಸಿ. ಇನ್ನೂ ಒಂದು: ನೀವು ಫೋಕಸ್ ಮಾಡ್ತಾ ಐದು ನಿಮಿಷ ಬೆಳಕು ಬಿಟ್ಟ ಜಾಗ ಆಗಲೇ ಮಸುಕಾಗಿರುತ್ತೆ. ಒಂದನ್ನ ಬೇಗ, ಇನ್ನೊಂದನ್ನ ತಡವಾಗಿ ತೆಗೆದ್ರೂ ಮೋಸವೇ.

ಇದರ ಜೊತೆಗೆ ಅಂಗಾಂಶ ತಾನೇ ಹೊಳೆಯುತ್ತೆ. ಯಾವ ಬಣ್ಣವನ್ನೂ ಹಾಕದ ಪಿತ್ತಜನಕಾಂಗದ ತುಂಡನ್ನ ಒಮ್ಮೆ ನೀಲಿ ಬೆಳಕಲ್ಲಿ ನೋಡಿ, ಗಾಬರಿಯಾಗ್ತೀರಿ. ಈ ವಿದ್ಯೆಯನ್ನೇ ಹುಟ್ಟುಹಾಕಿದ ಹಾರ್ವರ್ಡ್‌ನ ಆಲ್ಬರ್ಟ್ ಕೂನ್ಸ್‌ಗೆ ಈ ತೊಂದರೆ ಮೊದಲ ದಿನವೇ ಎದುರಾಗಿತ್ತು. 1941ರಲ್ಲಿ ಅವರ ತಂಡ ಆಂಟಿಬಾಡಿಗೆ ಮೊದಲು ಅಂಟಿಸಿದ ಬಣ್ಣ ನೀಲಿ ಹೊಳೀತಿತ್ತು. ಅಂಗಾಂಶವೂ ತಾನಾಗೇ ನೀಲಿ ಹೊಳೀತಿತ್ತು. ಯಾವುದು ಬಣ್ಣ, ಯಾವುದು ಮಾಂಸ ಅಂತ ಬೇರೆ ಮಾಡೋಕೆ ಅವರು ಹಸಿರಿನ ಫ್ಲೋರೆಸಿನ್‌ಗೆ ಬಂದ್ರು. ನಾವು ಇವತ್ತು ಹಂಚಿಕೊಳ್ಳೋ ಹಸಿರು ಬಂದಿದ್ದೇ "ಇದು ನಿಜವಾಗ್ಲೂ ನನ್ನ ಬಣ್ಣನಾ?" ಅನ್ನೋ ಅನುಮಾನದಿಂದ. ಚೆಂದ ಕಾಣಲಿ ಅಂತ ಬಂದ ಹಸಿರಲ್ಲ ಅದು.

ಚೆಂದದ ಫೋಟೋ ಹಾಕಬೇಡಿ ಅಂತ ನಾನು ಹೇಳ್ತಿಲ್ಲ. ನನಗೂ ಇಷ್ಟ. ಹಸಿರು ನೋಡಿಯೇ ಎಷ್ಟೋ ಪಿಯುಸಿ ಮಕ್ಕಳು ಬಯಾಲಜಿ ಕಡೆ ಬರ್ತಾರೆ. ಆ ಮಕ್ಕಳಿಗೆ ಮೊದಲ ಪಾಠವೇ ಅರ್ಧ ಸತ್ಯ ಆಗಬಾರದು ಅಂತ ಅಷ್ಟೇ. ಒಂದು ಪೋಸ್ಟಿಗೆ ಹತ್ತು ಫೋಟೋ ಹಾಕೋರಿಗೆ ಇನ್ನೊಂದು ಫೋಟೋ ಭಾರವಾ?

ಭಾಗ 9/10

ಸೇವ್ ಮಾಡ್ಕೊಳ್ಳಿ, ಈ ಭಾಗ ಕೆಲಸಕ್ಕೆ ಬರುತ್ತೆ. ಹೊಳೆಯೋ ಪ್ರೋಟೀನ್ ಎ, ಜಿ, ಎಲ್ ಯಾವುದನ್ನ ಬಳಸಿದ್ರೂ ಐದು ಸ್ಲೈಡ್ ಇಡಿ.

ಮೊದಲನೇದು, ಏನೂ ಹಾಕದ ಸ್ಲೈಡ್. ಅಂಗಾಂಶ ತಾನೇ ಎಷ್ಟು ಹೊಳೆಯುತ್ತೆ ಅಂತ ಗೊತ್ತಾಗುತ್ತೆ.

ಎರಡನೇದು, ಪ್ರೈಮರಿ ಇಲ್ಲದೆ ಹಸಿರು ಪ್ರೋಟೀನ್ ಮಾತ್ರ. ನನ್ನ ಮಾನ ತೆಗೆದದ್ದು ಇದೇ.

ಮೂರನೇದು, ನಿಮ್ಮ ಪ್ರೈಮರಿ ಬದಲು ಅದೇ ಪ್ರಾಣಿಯ ಸಾಮಾನ್ಯ ಐಜಿಜಿ, ಅಷ್ಟೇ ಪ್ರಮಾಣದಲ್ಲಿ. ಆಂಟಿಬಾಡಿ ಕೈಯಿಂದ ಅಂಟಿದೆಯೋ ಸುಮ್ಮನೆ ಎಲ್ಲೆಲ್ಲೋ ಅಂಟ್ಕೊಂಡಿದೆಯೋ ತಿಳಿಯುತ್ತೆ.

ನಾಲ್ಕನೇದು, ನಿಮ್ಮ ಪ್ರೋಟೀನ್ ಇದ್ದೇ ಇದೆ ಅಂತ ಗೊತ್ತಿರೋ ಮಾದರಿ. ಐದನೇದು, ಅದು ಇಲ್ಲವೇ ಇಲ್ಲ ಅಂತ ಗೊತ್ತಿರೋ ಮಾದರಿ.

ಇವಕ್ಕೂ ಮೊದಲು ನಿಮ್ಮ ಆಂಟಿಬಾಡಿ ಯಾವ ಪ್ರಾಣಿಯದು, ಯಾವ ಉಪವರ್ಗದ್ದು ನೋಡಿ. ಪ್ರೋಟೀನ್ ಎ ಮನುಷ್ಯರ ಐಜಿಜಿ 1, 2, 4ನ್ನ ಚೆನ್ನಾಗಿ ಹಿಡಿಯುತ್ತೆ, 3ನ್ನ ಬಿಟ್ಟುಬಿಡುತ್ತೆ. ಪ್ರೋಟೀನ್ ಜಿ ನಾಲ್ಕನ್ನೂ ಹಿಡಿಯುತ್ತೆ. ಇಲಿಯ ಐಜಿಜಿ 1ಕ್ಕೆ ಪ್ರೋಟೀನ್ ಎ ಹಿಡಿತ ಸಡಿಲ, ಮೊಲದ್ದಕ್ಕೆ ಗಟ್ಟಿ. ಕೋಳಿಯ ಆಂಟಿಬಾಡಿಗೆ ಎ ಕೂಡ ಇಲ್ಲ, ಜಿ ಕೂಡ ಇಲ್ಲ. ಪ್ರೋಟೀನ್ ಎಲ್ ಲ್ಯಾಂಬ್ಡಾ ಚೈನ್ ಇರೋದನ್ನ ಮುಟ್ಟಲ್ಲ. ಇದು ಗೊತ್ತಿಲ್ಲದೆ "ಬರ್ಲಿಲ್ಲ ಸರ್" ಅಂತ ಎಷ್ಟು ಪ್ರಾಜೆಕ್ಟ್ ಕೈಬಿಟ್ಟಿದ್ದೀವೋ!

ಸ್ಯಾಂಪಲ್‌ನಲ್ಲಿ ಸ್ಟಫೈಲೋಕಾಕಸ್ ಆರಿಯಸ್ ಇದ್ರೆ ಇನ್ನೂ ಹುಷಾರು. ಅದರ ಮೈಮೇಲಿನ ಪ್ರೋಟೀನ್ ಎ ನೀವು ಹಾಕಿದ ಐಜಿಜಿಯ ಕಾಲನ್ನೇ ಹಿಡಿಯುತ್ತೆ. ನೀವು ಬೇರೆ ಬ್ಯಾಕ್ಟೀರಿಯಾ ಹುಡುಕ್ತಿದ್ರೂ ಇದು ಕೈ ಎತ್ತಿ "ನಾನೇ" ಅನ್ನುತ್ತೆ.

ಮೇಕೆ ಗುಲ್ಮಕ್ಕೆ ನಾನು ಮಾಡಬೇಕಾಗಿದ್ದದ್ದು ಸರಳ. ಮೊಲದ ಐಜಿಜಿಯನ್ನ ಮಾತ್ರ ಗುರುತಿಸೋ, ಮೇಕೆಯದ್ದಕ್ಕೆ ಅಂಟದ ಸೆಕೆಂಡರಿ ತಗೋಬೇಕಿತ್ತು. ಇಲ್ಲ ಅಂದ್ರೆ ಪ್ರೈಮರಿಗೇ ನೇರವಾಗಿ ಬಣ್ಣ ಅಂಟಿಸಬೇಕಿತ್ತು. ಒಂದೇ ವಯಲ್ ಎಲ್ಲಕ್ಕೂ ಆಗುತ್ತೆ ಅನ್ನೋ ಆಸೆ ನನ್ನನ್ನ ಕೆಡಿಸ್ತು.

ಭಾಗ 10/10

ಕೊನೇ ಮಾತು, ಸ್ವಲ್ಪ ಖಾರ ಇದೆ.

"ಪ್ರೋಟೀನ್ ಎ ಬಗ್ಗೆ ಟಿಪ್ಪಣಿ ಬರೆಯಿರಿ, ಐದು ಅಂಕ." ಈ ಪ್ರಶ್ನೆಗೆ ನಾವೆಲ್ಲ ನಿದ್ದೆಗಣ್ಣಲ್ಲೂ ಉತ್ತರ ಬರೀತೀವಿ. "ಪ್ರೋಟೀನ್ ಎ ಎಲ್ಲಿ ಮೋಸ ಮಾಡುತ್ತೆ?" ಅಂತ ಯಾರೂ ಕೇಳಿಲ್ಲ. ಪ್ರಾಜೆಕ್ಟ್ ರಿಪೋರ್ಟ್ ಬೈಂಡಿಂಗ್‌ಗೆ ಕೊಡೋ ಹೊತ್ತಿಗೆ ಎಲ್ಲರಿಗೂ ಬೇಕಾಗಿರೋದು "ಒಂದು ಒಳ್ಳೇ ಇಮೇಜ್". ಒಂದು! ತಪ್ಪು ಗೈಡ್‌ಗಳದ್ದು ಮಾತ್ರ ಅಲ್ಲ. ಒಬ್ಬೊಬ್ಬರ ಕೈಕೆಳಗೆ ಎಷ್ಟು ಜನ ಇರ್ತೀವಿ ಅಂತ ನಮಗೂ ಗೊತ್ತು. ಕೇಳದೇ ಇದ್ರೆ ಸಾಕು ಅಂತ ಕಾಯೋದು ನಾವು.

ದೊಡ್ಡವರೂ ಎಡವಿದ್ದಾರೆ. 2015ರಲ್ಲಿ ಬ್ರಾಡ್‌ಬರಿ, ಪ್ಲುಕ್‌ತುನ್ ಅವರ ಜೊತೆ ನೂರಕ್ಕೂ ಹೆಚ್ಚು ವಿಜ್ಞಾನಿಗಳು ಸೇರಿ, ಸಂಶೋಧನೆಗೆ ಬಳಸೋ ಆಂಟಿಬಾಡಿಗಳನ್ನ ನಂಬೋ ಹಾಗಿಲ್ಲ, ಅವನ್ನ ಸರಿಯಾಗಿ ನಿರ್ದಿಷ್ಟಪಡಿಸಿ ಅಂತ ನೇಚರ್ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದ್ರು. ಅವರು ಎಡವಿದ್ರು ಅಂತ ನಮಗೆ ರಿಯಾಯಿತಿ ಸಿಗಲ್ಲ. ಅವರು ಒಪ್ಕೊಂಡ್ರು ಅನ್ನೋದನ್ನ ಕಲೀಬೇಕು.

ಬೇರೆ ಕಡೆ ಈ ಹಸಿರಿನ ಮೇಲೆ ಜೀವ ನಿಂತಿರುತ್ತೆ. ನಾಯಿ ಸತ್ತಾಗ ಅದಕ್ಕೆ ರೇಬಿಸ್ ಇತ್ತಾ ಅಂತ ನೋಡೋಕೆ ಅದರ ಮೆದುಳಿಗೆ ಎಫ್‌ಐಟಿಸಿ ಅಂಟಿಸಿದ ಆಂಟಿಬಾಡಿಯನ್ನೇ ಹಾಕ್ತಾರೆ. ಆ ಪರೀಕ್ಷೆಯಲ್ಲಿ ಪ್ರತಿ ಸಲವೂ ಗೊತ್ತಿರೋ ಪಾಸಿಟಿವ್, ಗೊತ್ತಿರೋ ನೆಗೆಟಿವ್ ಪಕ್ಕದಲ್ಲಿ ಇರಲೇಬೇಕು. ಎಲೈಸಾ ಪ್ಲೇಟಲ್ಲೂ ಅದಕ್ಕೆ ಅಂತಲೇ ಬಾವಿಗಳಿರುತ್ತವೆ. ನಾಳೆ ನಮ್ಮಲ್ಲೇ ಯಾರೋ ಶಿವಮೊಗ್ಗದ ವೈರಸ್ ಡಯಾಗ್ನಾಸ್ಟಿಕ್ ಲ್ಯಾಬಲ್ಲೋ, ಹೆಬ್ಬಾಳದ ವೆಟರ್ನರಿ ಕಾಲೇಜಲ್ಲೋ ಕೂತು ರಿಪೋರ್ಟಿಗೆ ಸಹಿ ಹಾಕ್ತೀವಿ. ತೀರ್ಥಹಳ್ಳಿ ಕಡೆಯ ಯಾರದೋ ತಂದೆಯ ಹೆಸರು ಅದರ ಮೇಲಿರುತ್ತೆ. ಅವತ್ತು ದಿಢೀರ್ ಅಂತ ಅಭ್ಯಾಸ ಬರಲ್ಲ. ಇವತ್ತು ಮೇಕೆ ಗುಲ್ಮದಲ್ಲಿ ಬಂದಿದ್ರೆ ಮಾತ್ರ ಬರುತ್ತೆ.

ಹಾಗಾಗಿ ನನ್ನ ಬೇಡಿಕೆ ಮೂರು. ಒಂದು, ಹೊಳೆಯೋ ಫೋಟೋ ಹಾಕಿದ್ರೆ ಪಕ್ಕದಲ್ಲಿ ಕಂಟ್ರೋಲ್ ಫೋಟೋ ಹಾಕಿ, ಎರಡಕ್ಕೂ ಒಂದೇ ಎಕ್ಸ್‌ಪೋಷರ್. ಎರಡು, ಕಂಟ್ರೋಲ್ ಇಲ್ಲದ ಫೋಟೋಗೆ, ನನ್ನದಾದ್ರೂ ಸರಿ, ಲೈಕ್ ಕೊಡೋಕೆ ಮುಂಚೆ ಕಾಮೆಂಟಲ್ಲಿ ಕೇಳಿ. ಮರ್ಯಾದೆಯಿಂದ ಕೇಳಿ, ಆ ಹುಡುಗಿ ನನ್ನ ಕೇಳಿದ ಹಾಗೆ. ಮೂರು, ಯಾರಾದ್ರೂ ಕೇಳಿದ್ರೆ ಎರಡು ದಿನ ಮುಖ ಊದಿಸ್ಕೊಂಡು ಕೂರಬೇಡಿ, ನನ್ನ ಹಾಗೆ.

ಆ ತಂಗಿಗೆ ಕೊನೆಗೂ ಉತ್ತರ ಕಳಿಸಿದೆ. ಎರಡನೇ ಫೋಟೋ ಕಳಿಸಿ "ನೀನು ಕೇಳಿದ್ದು ಸರಿ" ಅಂತ ಬರೆದೆ. ಅವಳು ಬರೆದದ್ದು ಇಷ್ಟೇ: "ಹಾಗಾದ್ರೆ ಮತ್ತೆ ಮಾಡೋಣ ಅಕ್ಕ, ನಾನೂ ಬರ್ತೀನಿ."

ಸೋಮವಾರ ಐಸ್ ಬಾಕ್ಸ್ ಹಿಡ್ಕೊಂಡು ಇಬ್ಬರೂ ಬಸ್ ಹತ್ತುತ್ತೀವಿ. ಈ ಸಲ ಐದು ಸ್ಲೈಡ್ ಇರುತ್ತೆ. ಹೊಳೀಲಿ, ಹೊಳೀದೇ ಇರ್ಲಿ, ಐದೂ ಇಲ್ಲೇ ಹಾಕ್ತೀನಿ.

#ಇನ್ನೊಂದು_ಫೋಟೋ_ಎಲ್ಲಿ #ಕಂಟ್ರೋಲ್_ಸ್ಲೈಡ್ #ಶಿವಮೊಗ್ಗ #ಭದ್ರಾವತಿ #ಕನ್ನಡದಲ್ಲಿ_ವಿಜ್ಞಾನ